ವಿದ್ಯಾರ್ಥಿಯ ಎರಡು ದಿನದ ಯಾತ್ರೆ: ಟ್ಯೂಬಿಂಗೆನ್ನಿನಿಂದ ಬಾಸೆಲಿಗೆ

'ದೇಶ ಸುತ್ತು, ಕೋಶ ಓದು' ಎಂಬ ನಾಣ್ಣುಡಿಯಲ್ಲಿ ಸುತ್ತುವುದು ಮೊದಲು ಬಂದು ಓದುವುದು ಅನಂತರ ಬಂದಿರುವುದನ್ನು ಕಂಡು ನಮ್ಮ ತರುಣರು ಹಿಗ್ಗುವುದುಂಟು. ಆದರೆ ಈ ಎರಡನ್ನೂ ಏಕಕಾಲದಲ್ಲಿ ನಡೆಸಬೇಕಾಗಿ ಬಂದಾಗ ತೊಡಕು ತಲೆದೋರುತ್ತದೆ. ಸಾಲಸೋಲ ಮಾಡಿ ಮಕ್ಕಳನ್ನು ಯುರೋಪಿಗೆ ಓದಲು ಕಳುಹಿಸಿದ ತಂದೆತಾಯಿಗಳು, ಆ ಮಕ್ಕಳು ಶನಿವಾರ ಒಂದು ಊರಿನಿಂದಲೂ ಭಾನುವಾರ ಮತ್ತೊಂದು ಊರಿನಿಂದಲೂ ಕಳುಹಿಸುವ ಭಾವಚಿತ್ರಗಳನ್ನು ನೋಡಿ ಶಂಕೆಗೆ ಒಳಗಾಗುವುದು ಸಹಜ. ನಮ್ಮ ಶಾಲೆಯಲ್ಲಿ ಕಲಿತು ಈಗ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರವನ್ನು ಅಭ್ಯಾಸಮಾಡುತ್ತಿರುವ ಹುಡುಗನೊಬ್ಬನ ತಂದೆಯವರು, ಒಕ್ಕಲುತನದವರು, ನನ್ನನ್ನು ಕೇಳಿದ್ದು ಇದನ್ನೇ: "ಮಾಸ್ತರ್ರೇ, ಇಂವ ಓದಾಕ ಹೋಗ್ಯಾನೋ, ಊರೂರು ತಿರಗಾಕ ಹೋಗ್ಯಾನೋ, ನೀವೇ ಹೇಳ್ರಿ."

ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ಒಂದು ಮಾತಿನಲ್ಲಿ ಉತ್ತರ ಹೇಳಿದರೆ ಅದು ಹುಡುಗನ ಪಕ್ಷವಹಿಸಿದಂತೆಯೋ ತಂದೆಯ ಪಕ್ಷವಹಿಸಿದಂತೆಯೋ ಆದೀತು. ಆದುದರಿಂದ ಅಂತಹ ಯಾತ್ರೆ ಎಂದರೇನು, ಅದಕ್ಕೆ ತಗಲುವ ವೆಚ್ಚವೆಷ್ಟು, ಅದರಿಂದ ದೊರೆಯುವುದೇನು ಎಂಬುದನ್ನು ಅದೇ ಹುಡುಗನು ೨೦೨೫ರ ಮೇ ತಿಂಗಳಿನಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರಕ್ಕೆ ಮಾಡಿದ ಒಂದು ಯಾತ್ರೆಯನ್ನು ಆಧಾರವಾಗಿಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ. ಅವನು ಬರೆದ ದೀರ್ಘವಾದ ಪತ್ರವು ನನ್ನ ಮುಂದಿದೆ. ಇತಿಹಾಸದ ಸಂಗತಿಗಳನ್ನು ನಾನು ಬೇರೆಯಾಗಿ ಕೂಡಿಸಿದ್ದೇನೆ.

ಮೊದಲು ಶಬ್ದವಿಚಾರ. ನಾವು ಇಂದು 'ಪ್ರವಾಸ' ಎಂಬ ಮಾತನ್ನು ಊರು ನೋಡಿಬರುವುದಕ್ಕೆ ಬಳಸುತ್ತೇವೆ. ಸಂಸ್ಕೃತದಲ್ಲಿ 'ವಸ್' ಎಂಬ ಧಾತುವಿಗೆ ವಾಸಮಾಡು ಎಂದರ್ಥ. 'ಪ್ರ' ಉಪಸರ್ಗ ಸೇರಿದಾಗ ಮನೆಯನ್ನು ಬಿಟ್ಟು ದೂರದಲ್ಲಿ ವಾಸಿಸುವುದು ಎಂದಾಗುತ್ತದೆ. ಆಲಂಕಾರಿಕರು ವಿಪ್ರಲಂಭ ಶೃಂಗಾರದ ಭೇದಗಳಲ್ಲಿ ಪ್ರವಾಸವನ್ನು ಎಣಿಸಿರುವುದು ಈ ಅರ್ಥದಲ್ಲಿಯೇ. ಈ ಲೆಕ್ಕದಲ್ಲಿ ಪರದೇಶದಲ್ಲಿ ಓದುವ ಹುಡುಗನು ಊರು ತಿರುಗಲಿ, ಕೋಣೆಯಲ್ಲಿಯೇ ಕುಳಿತಿರಲಿ, ಪ್ರವಾಸದಲ್ಲಿಯೇ ಇದ್ದಾನೆ. ಅವನು ಎರಡು ದಿನ ಹೋಗಿಬರುವುದು ಪ್ರವಾಸದೊಳಗಿನ ಒಂದು ಯಾತ್ರೆ, ಅಥವಾ ನಮ್ಮ ತದ್ಭವದಲ್ಲಿ ಹೇಳುವುದಾದರೆ ಒಂದು ಪಯಣ.

ಬಿಡುವಿನ ದಿನಗಳೆಂಬುದು ನಮಗೂ ಹೊಸತಲ್ಲ. ಹಿಂದಿನ ಪಾಠಶಾಲೆಗಳಲ್ಲಿ ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆ, ಪಾಡ್ಯಗಳು ಅನಧ್ಯಯನದ ದಿನಗಳು. ಹೊಸ ಪಾಠವಿಲ್ಲ, ಆದರೆ ಹಳೆಯ ಪಾಠವನ್ನು ಚಿಂತಿಸುತ್ತ ಗುಡ್ಡಕ್ಕೋ ಹೊಳೆಗೋ ಹೋಗಿಬರಲು ಅಡ್ಡಿಯಿರಲಿಲ್ಲ. ಜರ್ಮನಿಯಲ್ಲಿ ಈ ಅನಧ್ಯಯನವು ಶುಕ್ರವಾರ ಸಂಜೆಗೆ ಮೊದಲಾಗುತ್ತದೆ. ಶನಿವಾರ ತರಗತಿಗಳು ಅಪರೂಪ. ಭಾನುವಾರವಂತೂ ಅಂಗಡಿಗಳೇ ಮುಚ್ಚಿರುತ್ತವೆ. ದೊಡ್ಡ ರೈಲುನಿಲ್ದಾಣಗಳ ಒಳಗಿನ ಅಂಗಡಿಗಳನ್ನು ಬಿಟ್ಟರೆ ಒಂದು ರೊಟ್ಟಿಯ ತುಂಡನ್ನು ಕೊಳ್ಳುವುದೂ ಪ್ರಯಾಸ. ಸಹಪಾಠಿಗಳು ತಮ್ಮ ತಮ್ಮ ಮನೆಗಳಿಗೆ ಹೋಗಿಬಿಡುತ್ತಾರೆ. ನಮ್ಮ ದೇಶದಿಂದ ಹೋದ ಹುಡುಗನು ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಏಕಾಂಗಿಯಾಗಿ ಉಳಿಯುತ್ತಾನೆ. ಆ ಎರಡು ದಿನಗಳ ಮೌನವು ಎಷ್ಟೋ ಎಳೆಯ ಮನಸ್ಸುಗಳನ್ನು ಕುಗ್ಗಿಸುತ್ತದೆಂಬುದನ್ನು ತಂದೆತಾಯಿಗಳು ಅರಿತಿರಬೇಕು. ಹುಡುಗರು ಇದನ್ನು ತಾವಾಗಿ ಮನೆಗೆ ಬರೆಯುವುದಿಲ್ಲ.

ಇನ್ನು ಹಣದ ಮಾತು. ಜರ್ಮನಿಗೆ ಓದಲು ಹೋಗುವವನು ಒಂದು ವರ್ಷದ ಜೀವನವೆಚ್ಚವನ್ನು ಮುಂಚಿತವಾಗಿಯೇ ಒಂದು ಖಾತೆಯಲ್ಲಿಟ್ಟು ತೋರಿಸಬೇಕು. ೨೦೨೪ರ ಸೆಪ್ಟೆಂಬರಿನಿಂದ ಆ ಮೊತ್ತವು ೧೧,೯೦೪ ಯೂರೋ. ಅದನ್ನು ಒಮ್ಮೆಗೇ ತೆಗೆಯಲು ಬಾರದು. ತಿಂಗಳಿಗೆ ೯೯೨ ಯೂರೋ ಮಾತ್ರ ಕೈಗೆ ಬರುತ್ತದೆ. ಬಾಡಿಗೆ, ವಿಮೆ, ಊಟಗಳನ್ನು ಕಳೆದು ಉಳಿದುದರಲ್ಲಿ ಯಾತ್ರೆ ನಡೆಯಬೇಕು. ಇದಕ್ಕೆ ಒಂದು ಅನುಕೂಲ ಒದಗಿದೆ. ೨೦೨೩ರ ಮೇ ತಿಂಗಳಿನಿಂದ ಆ ದೇಶದಲ್ಲಿ ಒಂದು ಮಾಸಿಕ ಚೀಟಿ ಬಂದಿದೆ. ಅದನ್ನು ಪಡೆದವನು ಜರ್ಮನಿಯಾದ್ಯಂತ ಊರಬಸ್ಸು, ಟ್ರಾಮು ಮತ್ತು ನಿಧಾನಗತಿಯ ರೈಲುಗಳಲ್ಲಿ ಬೇರೆ ಹಣ ಕೊಡದೆ ಸಂಚರಿಸಬಹುದು. ವೇಗದ ರೈಲುಗಳಲ್ಲಿ ಮಾತ್ರ ಅದು ನಡೆಯದು. ಆರಂಭದಲ್ಲಿ ಅದರ ಬೆಲೆ ೪೯ ಯೂರೋ ಇದ್ದಿತು. ೨೦೨೫ರ ಜನವರಿಯಿಂದ ೫೮, ೨೦೨೬ರ ಜನವರಿಯಿಂದ ೬೩ ಆಯಿತು. ದಿನನಿತ್ಯ ವಿಶ್ವವಿದ್ಯಾಲಯಕ್ಕೆ ಹೋಗಿಬರಲು ಹೇಗೂ ಕೊಳ್ಳುವ ಈ ಚೀಟಿಯೇ ಶನಿವಾರದ ಯಾತ್ರೆಗೂ ಸಾಲುತ್ತದೆ. ನಮ್ಮ ಹುಡುಗನು ಟ್ಯೂಬಿಂಗೆನ್ನಿನಿಂದ ಬಾಸೆಲಿಗೆ ಹೋಗಿಬಂದುದಕ್ಕೆ ರೈಲಿನ ಬಾಬತ್ತು ಒಂದು ಕಾಸನ್ನೂ ಹೆಚ್ಚಾಗಿ ಕೊಡಲಿಲ್ಲ.

ಬಾಸೆಲ್ ಬೇರೆ ದೇಶದಲ್ಲಿರುವಾಗ ಇದು ಹೇಗೆ ಸಾಧ್ಯವೆಂದು ವಾಚಕರು ಕೇಳಬಹುದು. ಬಾಸೆಲ್ ಇರುವುದು ಸ್ವಿಟ್ಸರ್ಲೆಂಡ್, ಜರ್ಮನಿ, ಫ್ರಾನ್ಸ್ ಈ ಮೂರೂ ಕೂಡುವ ಸ್ಥಳದಲ್ಲಿ. ಅಲ್ಲಿನ ಬಾಡಿಶರ್ ಬಾನ್‌ಹೋಫ್ ಎಂಬ ರೈಲುನಿಲ್ದಾಣವು ಸ್ವಿಸ್ ನೆಲದ ಮೇಲೆ ನಿಂತಿದ್ದರೂ ಅದನ್ನು ನಡೆಸುವುದು ಜರ್ಮನ್ ರೈಲ್ವೆ. ಆದುದರಿಂದ ಜರ್ಮನ್ ಚೀಟಿಯು ಅಲ್ಲಿಯವರೆಗೆ ನಡೆಯುತ್ತದೆ. ಆ ನಗರದ ವಿಮಾನನಿಲ್ದಾಣವಂತೂ ಫ್ರಾನ್ಸಿನ ನೆಲದಲ್ಲಿದೆ! ಇನ್ನು ಪರವಾನಗಿಯ ವಿಷಯ: ಷೆಂಗೆನ್ ಒಪ್ಪಂದಕ್ಕೆ ಸೇರಿದ ರಾಷ್ಟ್ರಗಳಲ್ಲಿ ಒಂದರ ವಾಸಪತ್ರವುಳ್ಳವನು ಉಳಿದ ರಾಷ್ಟ್ರಗಳಲ್ಲಿ ಯಾವುದೇ ೧೮೦ ದಿನಗಳ ಅವಧಿಯಲ್ಲಿ ೯೦ ದಿನಗಳವರೆಗೆ ಇರಬಹುದು. ಸ್ವಿಟ್ಸರ್ಲೆಂಡ್ ಯುರೋಪಿಯನ್ ಒಕ್ಕೂಟದ ಸದಸ್ಯನಲ್ಲವಾದರೂ ೨೦೦೮ರ ಡಿಸೆಂಬರಿನಿಂದ ಈ ಏರ್ಪಾಡಿನಲ್ಲಿದೆ. ಪಾಸ್‌ಪೋರ್ಟು ಮತ್ತು ವಾಸಪತ್ರಗಳೆರಡೂ ಜೇಬಿನಲ್ಲಿರಬೇಕು; ಅವುಗಳ ಚಿತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಂಡರೆ ಸಾಲದು. ಸುಂಕದವರು ತಡೆದು ಕೇಳುವುದುಂಟು.

ಓದುವವನು ತಿರುಗಬೇಕೆಂಬ ಭಾವನೆ ಆ ಖಂಡದಲ್ಲಿ ಹಳೆಯದು. ಮಧ್ಯಯುಗದಲ್ಲಿ ಲ್ಯಾಟಿನ್ ಒಂದೇ ವಿದ್ಯಾಭಾಷೆಯಾಗಿದ್ದುದರಿಂದ ವಿದ್ಯಾರ್ಥಿಗಳು ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಕಾಲ್ನಡಿಗೆಯಲ್ಲಿ ಹೋಗಿ ಕಲಿಯುತ್ತಿದ್ದರು. ಜರ್ಮನ್ ನಾಡಿನ ಬಡಗಿ, ಕಲ್ಲುಕುಟಿಗ ಮೊದಲಾದ ಕುಶಲಕರ್ಮಿಗಳಲ್ಲಿ ಇಂದಿಗೂ ಒಂದು ವ್ರತವುಂಟು: ಶಿಕ್ಷಣ ಮುಗಿಸಿದ ತರುಣನು ಮೂರು ವರ್ಷ ಒಂದು ದಿನ ಊರೂರು ಅಲೆದು ದುಡಿದು ಕಲಿಯಬೇಕು, ಆ ಅವಧಿಯಲ್ಲಿ ತನ್ನ ಊರಿನ ಐವತ್ತು ಕಿಲೋಮೀಟರಿನೊಳಗೆ ಕಾಲಿಡಕೂಡದು. ಕರಿಯ ಉಡುಪು, ಅಗಲವಾದ ಟೊಪ್ಪಿಗೆ ತೊಟ್ಟ ಅಂತಹ ಇಬ್ಬರನ್ನು ನಮ್ಮ ಹುಡುಗನು ರೈಲಿನಲ್ಲಿಯೇ ಕಂಡನಂತೆ. ಒಂದೆಡೆ ನೆಲೆನಿಲ್ಲದೆ ಸಂಚರಿಸುವ ಚರಜಂಗಮರನ್ನು ಕಂಡ ನಾಡಿನವರಾದ ನಮಗೆ ಇದು ತಿಳಿಯದ ಮಾತಲ್ಲ. ೧೯೮೭ರಲ್ಲಿ ಯುರೋಪಿನ ರಾಷ್ಟ್ರಗಳು ವಿದ್ಯಾರ್ಥಿಗಳ ಪರಸ್ಪರ ವಿನಿಮಯಕ್ಕಾಗಿ ಆರಂಭಿಸಿದ ಯೋಜನೆಗೆ ಎರಾಸ್ಮಸ್ ಎಂಬ ಮಹಾವಿದ್ವಾಂಸನ ಹೆಸರನ್ನಿಟ್ಟರು. ಆತನ ಸಮಾಧಿ ಇರುವುದು ಬಾಸೆಲಿನಲ್ಲಿ.

ಆದರೆ ಈ ಹುಡುಗನು ಪ್ಯಾರಿಸ್ಸನ್ನೋ ರೋಮನ್ನೋ ಬಿಟ್ಟು ಬಾಸೆಲನ್ನು ಆರಿಸಿಕೊಂಡುದು ಎರಾಸ್ಮಸನಿಗಾಗಿ ಅಲ್ಲ. ಕಾರಣಗಳು ಎರಡು. ಮೊದಲನೆಯದು ಅವನ ಓದಿಗೆ ಸೇರಿದ್ದು. ಟ್ಯೂಬಿಂಗೆನ್ನಿನ ಕೋಟೆಯೊಳಗೆ ಹಿಂದಿನ ಅರಮನೆಯ ಅಡಿಗೆಮನೆಯನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿದ್ದರು. ಅಲ್ಲಿ ೧೮೬೯ರಲ್ಲಿ ಫ್ರೀಡ್ರಿಕ್ ಮೀಷರ್ ಎಂಬ ತರುಣನು ಆಸ್ಪತ್ರೆಯಿಂದ ತಂದ ಗಾಯದ ಪಟ್ಟಿಗಳ ಕೀವಿನಿಂದ ಒಂದು ಹೊಸ ದ್ರವ್ಯವನ್ನು ಬೇರ್ಪಡಿಸಿ ಅದಕ್ಕೆ 'ನ್ಯೂಕ್ಲೀನ್' ಎಂದು ಹೆಸರಿಟ್ಟನು. ಇಂದು ಡಿ.ಎನ್.ಎ. ಎಂದು ಶಾಲಾಬಾಲಕರಿಗೂ ಗೊತ್ತಿರುವ ವಸ್ತು ಅದೇ. ಈ ಮೀಷರನು ಹುಟ್ಟಿದ್ದು ಬಾಸೆಲಿನಲ್ಲಿ. ಅನಂತರ ಪ್ರಾಧ್ಯಾಪಕನಾಗಿ ಅಲ್ಲಿಗೇ ಹಿಂದಿರುಗಿ ರೈನ್ ನದಿಯ ಸಾಲ್ಮನ್ ಮೀನುಗಳನ್ನು ಬಳಸಿ ಅದೇ ದ್ರವ್ಯದ ಸಂಶೋಧನೆಯನ್ನು ಮುಂದುವರಿಸಿದನು.

ಎರಡನೆಯ ಕಾರಣವು ನಮಗೆಲ್ಲರಿಗೂ ಸಂಬಂಧಿಸಿದ್ದು. ಕನ್ನಡದ ಪುಸ್ತಕವನ್ನು ಕೈಯಲ್ಲಿ ಹಿಡಿದ ಯಾರೂ ಟ್ಯೂಬಿಂಗೆನ್ ಮತ್ತು ಬಾಸೆಲ್ ಎಂಬ ಈ ಎರಡು ಹೆಸರುಗಳಿಗೆ ಋಣಿಗಳಾಗದೆ ಇರಲಾರರು. ೧೮೧೫ರಲ್ಲಿ ಬಾಸೆಲಿನಲ್ಲಿ ಸ್ಥಾಪಿತವಾದ ಮಿಶನ್ನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ಟ್ಯೂಬಿಂಗೆನ್ನಿನಲ್ಲಿ ಓದಿದ ಹೆರ್ಮನ್ ಮೋಗ್ಲಿಂಗರು ೧೮೩೬ರಲ್ಲಿ ಬಂದು, ೧೮೪೩ರ ಜುಲೈ ೧ರಂದು 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಅದೇ ಕನ್ನಡದ ಮೊದಲ ವೃತ್ತಪತ್ರಿಕೆ. ಅವರ 'ಬಿಬ್ಲಿಯೋಥೆಕಾ ಕರ್ನಾಟಿಕಾ' ಗ್ರಂಥಮಾಲೆಯಲ್ಲಿ ಬಸವಪುರಾಣ, ಚೆನ್ನಬಸವಪುರಾಣ, ಜೈಮಿನಿಭಾರತಗಳು ತಾಳೆಗರಿಯಿಂದ ಕಾಗದಕ್ಕೆ ಇಳಿದವು. ಫರ್ಡಿನಾಂಡ್ ಕಿಟ್ಟೆಲರು ಹದಿನೆಂಟರ ಹರೆಯದಲ್ಲಿ, ೧೮೫೦ರಲ್ಲಿ, ಬಾಸೆಲಿನ ಮಿಶನ್ ವಿದ್ಯಾಲಯವನ್ನು ಸೇರಿ, ೧೮೫೩ರಲ್ಲಿ ನಮ್ಮ ನಾಡಿಗೆ ಬಂದರು. ನಾವು ಪಾಠ ಹೇಳಿಸಿಕೊಂಡ 'ಶಬ್ದಮಣಿದರ್ಪಣ'ವನ್ನು ಅವರು ೧೮೭೨ರಲ್ಲಿ ಅಚ್ಚುಹಾಕಿಸಿದರು. ೧೮೯೪ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದರು. ಸುಮಾರು ಎಪ್ಪತ್ತು ಸಾವಿರ ಶಬ್ದಗಳ ಆ ಗ್ರಂಥವನ್ನು ಬಿಡಿಸದೆ ನಾನು ಇಂದಿಗೂ ಒಂದು ವಾರ ಕಳೆಯಲಾರೆ. ೧೮೯೬ರಲ್ಲಿ ಅವರಿಗೆ ಗೌರವ ಡಾಕ್ಟರೇಟನ್ನಿತ್ತದ್ದು ಟ್ಯೂಬಿಂಗೆನ್ ವಿಶ್ವವಿದ್ಯಾಲಯ. ೧೯೦೩ರಲ್ಲಿ ಅವರು ಕಾಲವಾದುದೂ ಅದೇ ಊರಿನಲ್ಲಿ. ಇವರು ಬಂದ ಉದ್ದೇಶ ಮತಪ್ರಚಾರ. ಆ ವಿಷಯದಲ್ಲಿ ಇವರಿಗೂ ನಮ್ಮ ಮಠಗಳಿಗೂ ಒಮ್ಮತವಿರಲು ಸಾಧ್ಯವಿರಲಿಲ್ಲ. ಆದರೆ ಭಾಷೆಗೆ ಮಾಡಿದ ಉಪಕಾರವನ್ನು ಒಪ್ಪಿಕೊಳ್ಳುವುದಕ್ಕೆ ಆ ಭೇದವು ಅಡ್ಡಬರಬೇಕಾಗಿಲ್ಲ.

೧೯೪೬ರಲ್ಲಿ ನೊಬೆಲ್ ಬಹುಮಾನವನ್ನು ಪಡೆದ ಹೆರ್ಮನ್ ಹೆಸ್ಸೆಯವರದೂ ಇದೇ ದಾರಿ. ಅವರ ತಂದೆ ಮಂಗಳೂರಿನಲ್ಲಿ ಮಿಶನರಿಯಾಗಿದ್ದವರು. ತಾಯಿಯ ತಂದೆ ಮಲೆಯಾಳ ನಿಘಂಟುಕಾರರಾದ ಗುಂಡರ್ಟರು. ಹೆಸ್ಸೆ ಬಾಲ್ಯದ ಕೆಲವು ವರ್ಷಗಳನ್ನು ಬಾಸೆಲಿನಲ್ಲಿ ಕಳೆದು, ೧೮೯೫ರಿಂದ ನಾಲ್ಕು ವರ್ಷ ಟ್ಯೂಬಿಂಗೆನ್ನಿನ ಪುಸ್ತಕದಂಗಡಿಯಲ್ಲಿ ದುಡಿದು, ಮತ್ತೆ ಬಾಸೆಲಿಗೆ ಹೋದರು.

ಹುಡುಗನು ಶನಿವಾರ ನಸುಕಿನಲ್ಲಿ ಹೊರಟನು. ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆ, ಫ್ರೈಬುರ್ಗ್‌ಗಳ ಮಾರ್ಗವಾಗಿ ನಿಧಾನದ ರೈಲುಗಳನ್ನು ಹತ್ತಿ ಇಳಿದು ಹೋಗಲು ಐದಾರು ಗಂಟೆಯ ಪ್ರಯಾಣ. ಕಾರ್ಲ್ಸ್‌ರೂಹೆಯಿಂದ ದಕ್ಷಿಣಕ್ಕೆ ಎಡಬದಿಯಲ್ಲಿ ಕಪ್ಪು ಕಾಡಿನ ಬೆಟ್ಟಸಾಲು, ಬಲಬದಿಯಲ್ಲಿ ರೈನ್ ಬಯಲು. ವೇಗದ ರೈಲಿನವರಿಗೆ ಈ ನೋಟ ಇಷ್ಟು ಹೊತ್ತು ದಕ್ಕುವುದಿಲ್ಲ. ಹಾದಿಯಲ್ಲಿ ಅವನು ಬಾಸೆಲಿನ ನಕ್ಷೆಯನ್ನು ಬರೆದುಕೊಂಡು, ನೋಡತಕ್ಕ ಆರು ಸ್ಥಳಗಳನ್ನು ಗುರುತಿಸಿ, ಅವುಗಳಲ್ಲಿ ಎರಡನ್ನು ಹೊಡೆದುಹಾಕಿದನಂತೆ. ಈ ಹೊಡೆದುಹಾಕಿದ್ದನ್ನು ನಾನು ವಿಶೇಷವಾಗಿ ಮೆಚ್ಚಿದೆ. ಎರಡು ದಿನಗಳಲ್ಲಿ ಮೂರು ರಾಜಧಾನಿಗಳನ್ನು ಮುಟ್ಟಿ ಬಂದೆವೆಂದು ಹೇಳಿಕೊಳ್ಳುವ ವಿದ್ಯಾರ್ಥಿಗಳು ಅಲ್ಲಿ ಬಹಳ ಮಂದಿಯಿದ್ದಾರೆ. ಅವರು ನೋಡುವುದು ರೈಲುನಿಲ್ದಾಣಗಳನ್ನು. ಒಂದು ಊರಿಗೆ ಎರಡು ದಿನ ಎಂಬುದೇ ಕಡಿಮೆ. ಅದನ್ನು ಮೂರಾಗಿ ಹಂಚಿದವನಿಗೆ ಸುಸ್ತು ಮಾತ್ರ ಉಳಿಯುತ್ತದೆ.

ರೈನ್ ನದಿಯು ಬಾಸೆಲಿನಲ್ಲಿ ಪಶ್ಚಿಮಾಭಿಮುಖವಾಗಿ ಬಂದು ಉತ್ತರಕ್ಕೆ ತಿರುಗುತ್ತದೆ. ಬಲದಂಡೆಯದು ಕಿರಿಯ ಬಾಸೆಲ್, ಎಡದಂಡೆಯ ದಿಬ್ಬದ ಮೇಲಿನದು ಹಿರಿಯ ಬಾಸೆಲ್. ಇವೆರಡನ್ನೂ ಕೂಡಿಸುವ ಮೊದಲ ಸೇತುವೆ ೧೩ನೆಯ ಶತಮಾನದ್ದು. ಈಗಿನ ಕಲ್ಲಿನ ಸೇತುವೆ ೧೯೦೫ರದು. ಆದರೆ ಹುಡುಗನು ಹೊಳೆಯನ್ನು ದಾಟಿದ್ದು ಸೇತುವೆಯ ಮೇಲಲ್ಲ, ದೋಣಿಯಲ್ಲಿ. ಆ ದೋಣಿಗೆ ಯಂತ್ರವಿಲ್ಲ, ಹುಟ್ಟಿಲ್ಲ, ಹಾಯಿಯಿಲ್ಲ. ನದಿಯ ಮೇಲೆ ದಡದಿಂದ ದಡಕ್ಕೆ ಒಂದು ಉಕ್ಕಿನ ಹಗ್ಗವನ್ನು ಬಿಗಿದಿದ್ದಾರೆ. ಅದರ ಮೇಲೆ ಉರುಳುವ ರಾಟೆಗೆ ದೋಣಿಯನ್ನು ಇನ್ನೊಂದು ಹಗ್ಗದಿಂದ ಕಟ್ಟಿದೆ. ಅಂಬಿಗನು ಚುಕ್ಕಾಣಿ ತಿರುಗಿಸಿ ದೋಣಿಯನ್ನು ಪ್ರವಾಹಕ್ಕೆ ಓರೆಯಾಗಿ ನಿಲ್ಲಿಸುತ್ತಾನೆ. ಕೆಳಕ್ಕೆ ಹರಿಯುವ ನೀರು ದೋಣಿಯ ಮಗ್ಗುಲನ್ನು ನೂಕುತ್ತದೆ. ಹಗ್ಗವು ಅದನ್ನು ಕೆಳಕ್ಕೆ ಹೋಗಗೊಡುವುದಿಲ್ಲ. ಆದುದರಿಂದ ಅದು ಅಡ್ಡಡ್ಡಲಾಗಿ ಆಚೆಯ ದಡಕ್ಕೆ ಸರಿಯುತ್ತದೆ. ಹಿಂದಿರುಗುವಾಗ ಓರೆಯನ್ನು ಬದಲಿಸಿದರಾಯಿತು. ಇಂತಹವು ಅಲ್ಲಿ ನಾಲ್ಕಿವೆ. ತುಂಗಭದ್ರೆಯ ಹರಿಗೋಲಿನಲ್ಲಿ ಕುಳಿತವರಿಗೆ ನೀರಿನ ಸೆಳೆತದ ವಿರುದ್ಧ ಹುಟ್ಟುಹಾಕುವ ಶ್ರಮ ಗೊತ್ತು. ಇಲ್ಲಿ ಆ ಸೆಳೆತವನ್ನೇ ದುಡಿಸಿಕೊಂಡಿದ್ದಾರೆ. ಹುಡುಗನು ಇದನ್ನು ನೋಡಲೆಂದೇ ಮೂರು ಸಲ ಆಚೀಚೆ ದಾಟಿದನು. ವಿಜ್ಞಾನದ ವಿದ್ಯಾರ್ಥಿಗೆ ಇದು ಹಣದ ಅಪವ್ಯಯವೆಂದು ನಾನು ಹೇಳಲಾರೆ.

ದೋಣಿಯಿಂದ ಇಳಿದು ಮೆಟ್ಟಿಲೇರಿದರೆ ಕೆಂಪು ಮರಳುಗಲ್ಲಿನ ದೊಡ್ಡ ಇಗರ್ಜಿ. ೧೦೧೯ರಲ್ಲಿ ಪ್ರತಿಷ್ಠಿತವಾದ ಈ ದೇವಾಲಯವು ೧೩೫೬ರ ಅಕ್ಟೋಬರ್ ೧೮ರ ಭೂಕಂಪದಲ್ಲಿ ಬಹಳ ಹಾನಿಗೊಂಡು ಮತ್ತೆ ಕಟ್ಟಲ್ಪಟ್ಟಿತು. ೧೪೩೧ರಿಂದ ೧೪೪೮ರವರೆಗೆ ಇದೇ ನಗರದಲ್ಲಿ ಕ್ರೈಸ್ತ ಧರ್ಮಾಧಿಕಾರಿಗಳ ಮಹಾಸಭೆ ನಡೆಯಿತು. ಒಳಗೆ ಎರಾಸ್ಮಸನ ಸಮಾಧಿಯ ಶಿಲಾಫಲಕವಿದೆ. ೧೫೧೬ರಲ್ಲಿ ಫ್ರೋಬೆನ್ ಎಂಬ ಮುದ್ರಕನ ಮೂಲಕ ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚುಹಾಕಿಸಿದವನು ಆತನು. ೧೫೨೯ರಲ್ಲಿ ಬಾಸೆಲ್ ಪ್ರಾಟೆಸ್ಟಂಟ್ ಪಂಥವನ್ನು ಸೇರಿ ವಿಗ್ರಹಗಳನ್ನು ಒಡೆದಾಗ, ಹಳೆಯ ಪಂಥದಲ್ಲಿಯೇ ಉಳಿದ ಆತನು ಊರನ್ನು ಬಿಟ್ಟು ಫ್ರೈಬುರ್ಗಿಗೆ ಹೋದನು. ೧೫೩೫ರಲ್ಲಿ ಪುಸ್ತಕದ ಕೆಲಸಕ್ಕಾಗಿ ಮರಳಿಬಂದು, ಮರುವರ್ಷ ತೀರಿಕೊಂಡನು. ಪಂಥ ಬೇರೆಯಾಗಿದ್ದರೂ ಊರವರು ತಮ್ಮ ಮುಖ್ಯ ಇಗರ್ಜಿಯೊಳಗೇ ಆತನಿಗೆ ಸಮಾಧಿಯನ್ನಿತ್ತರು. ವಿದ್ವತ್ತಿಗೆ ಇಷ್ಟು ಮರ್ಯಾದೆ ಸಂದ ಪ್ರಸಂಗಗಳು ಎಲ್ಲ ದೇಶಗಳಲ್ಲಿಯೂ ಕಡಿಮೆಯೇ. ವಿನೋದವೆಂದರೆ, ಎರಾಸ್ಮಸನ ಹೆಸರಿನ ಆ ವಿದ್ಯಾರ್ಥಿ ಯೋಜನೆಯಿಂದ ಆತನ ಸಮಾಧಿಯುಳ್ಳ ಸ್ವಿಟ್ಸರ್ಲೆಂಡೇ ೨೦೧೪ರಲ್ಲಿ ಹೊರಗುಳಿಯಬೇಕಾಯಿತು. ರಾಜಕೀಯದ ಲೆಕ್ಕಾಚಾರಗಳು ಹಾಗಿರುತ್ತವೆ.

ಊಟದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮಠದ ಮಕ್ಕಳ ಮನೆಯವರು ಮೊದಲು ಕೇಳುವುದು ಅದನ್ನೇ. ಸ್ವಿಟ್ಸರ್ಲೆಂಡಿನಲ್ಲಿ ಫ್ರಾಂಕ್ ನಾಣ್ಯ. ಸಾಧಾರಣ ಊಟಕ್ಕೂ ಇಪ್ಪತ್ತು ಫ್ರಾಂಕಿಗೆ ಮೇಲೆ ತೆರಬೇಕಾಗುತ್ತದೆ. ಹುಡುಗನು ಶುಕ್ರವಾರ ರಾತ್ರಿಯೇ ಚಪಾತಿಗಳನ್ನು ಮಾಡಿಟ್ಟುಕೊಂಡು, ಮನೆಯಿಂದ ಕಳುಹಿಸಿದ ಶೇಂಗಾ ಚಟ್ನಿಪುಡಿಯೊಡನೆ ಎರಡು ಹೊತ್ತು ಕಳೆದನು. ನೀರಿಗೆ ಕಾಸು ಬೇಕಿಲ್ಲ. ಬಾಸೆಲಿನ ಬೀದಿಬೀದಿಗಳಲ್ಲಿರುವ ಕಾರಂಜಿಗಳ ನೀರು ಕುಡಿಯಲು ಯೋಗ್ಯವಾದದ್ದು. ಶಾಕಾಹಾರಿಗಳು ಚೀಸಿನ ವಿಷಯದಲ್ಲಿ ಎಚ್ಚರದಿಂದಿರಬೇಕು. ಗ್ರುಯೇರ್, ಎಮ್ಮೆಂಟಾಲ್ ಮೊದಲಾದ ಪ್ರಸಿದ್ಧ ಸ್ವಿಸ್ ಚೀಸುಗಳಿಗೆ ಹಾಲನ್ನು ಒಡೆಯಲು ಕರುವಿನ ಜಠರದಿಂದ ತೆಗೆದ ಹೆಪ್ಪನ್ನು ಬಳಸುವುದು ಸಂಪ್ರದಾಯ. ಹಾಲಿನಿಂದಾದುದೆಂದು ನಮ್ಮವರು ಅರಿಯದೆ ತಿನ್ನುತ್ತಾರೆ. ಮಿಠಾಯಿಗಳಲ್ಲಿ ಜೆಲಟಿನ್ ಇರುತ್ತದೆ. ಪೊಟ್ಟಣದ ಮೇಲೆ ಹಳದಿ ಬಣ್ಣದ ನಡುವೆ ಹಸುರಿನ 'ವಿ' ಗುರುತು ಇದ್ದರೆ ಅಂಜಿಕೆಯಿಲ್ಲ.

ರಾತ್ರಿ ತಂಗಿದ್ದು ಸಾಂಕ್ಟ್ ಆಲ್ಬಾನ್ ಎಂಬ ಕೇರಿಯ ಯೂತ್ ಹಾಸ್ಟೆಲಿನಲ್ಲಿ. ಅದು ಹಿಂದೆ ರೇಷ್ಮೆಯ ಪಟ್ಟಿ ನೇಯುವ ಕಾರ್ಖಾನೆಯಾಗಿತ್ತು. ಬಾಸೆಲಿಗೆ ಐಶ್ವರ್ಯ ತಂದ ಉದ್ಯಮಗಳಲ್ಲಿ ಅದು ಒಂದು. ಆ ರೇಷ್ಮೆಗೆ ಬಣ್ಣ ಬೇಕಾಗಿ ಬಣ್ಣದ ಕಾರ್ಖಾನೆಗಳು ಹುಟ್ಟಿದವು. ಬಣ್ಣದ ರಸಾಯನದಿಂದ ಮುಂದೆ ಔಷಧಗಳ ಉದ್ಯಮ ಬೆಳೆಯಿತು. ಬಾಡಿಗೆಯಲ್ಲಿಯೇ ಬೆಳಗಿನ ಉಪಾಹಾರವೂ ನಗರದ ಟ್ರಾಮಿನ ಚೀಟಿಯೂ ಸೇರಿದ್ದವು. ಒಂದು ಕೋಣೆಯಲ್ಲಿ ಆರು ಮಂದಿ. ಭಾನುವಾರ ಐದು ಗಂಟೆಗೆ ಎದ್ದು, ಮಿಂದು, ವಿಭೂತಿ ಧರಿಸಿ, ದೀಪ ಧೂಪಗಳಿಲ್ಲದೆ ಹಾಸಿಗೆಯ ಮೇಲೆಯೇ ಕುಳಿತು ಇಷ್ಟಲಿಂಗ ಪೂಜೆಯನ್ನು ಮಾಡಿಕೊಂಡೆನೆಂದು ಹುಡುಗನು ಬರೆದಿದ್ದಾನೆ. ಎದುರು ಹಾಸಿಗೆಯ ಸ್ಪೇನ್ ದೇಶದ ಹುಡುಗನು ಎಚ್ಚರಗೊಂಡು, ಪೂಜೆ ಮುಗಿಯುವವರೆಗೂ ಮಾತಾಡದೆ ಇದ್ದು, ಅನಂತರ ಅದೇನೆಂದು ಕೇಳಿದನಂತೆ. ದೇವರನ್ನು ಅಂಗೈಯಲ್ಲಿ ಇಟ್ಟುಕೊಂಡು ಊರಿಂದೂರಿಗೆ ಹೋಗಬಹುದೆಂಬುದನ್ನು ಅವನಿಗೆ ವಿವರಿಸಲು ಉಪಾಹಾರದ ಹೊತ್ತೆಲ್ಲ ಹಿಡಿಯಿತು.

ಹಾಸ್ಟೆಲಿನ ಸಮೀಪದಲ್ಲಿಯೇ ಕಾಲುವೆಯೊಂದರ ಮೇಲೆ ಹಳೆಯ ಕಾಗದದ ಗಿರಣಿಯಿದೆ. ೧೫ನೆಯ ಶತಮಾನದ ಮಹಾಸಭೆಗೆ ಬಂದವರಿಗೆ ಬರೆಯಲು ಕಾಗದ ಬೇಕಾಯಿತು. ಕಾಗದವಿದ್ದುದರಿಂದ ಮುದ್ರಕರು ಬಂದರು. ೧೪೬೦ರಲ್ಲಿ ವಿಶ್ವವಿದ್ಯಾಲಯ ಹುಟ್ಟಿದುದರಿಂದ ಓದುವವರೂ ತಿದ್ದುವವರೂ ದೊರೆತರು. ಮನುಷ್ಯದೇಹದ ರಚನೆಯನ್ನು ಕುರಿತ ವೆಸಾಲಿಯಸನ ಮಹಾಗ್ರಂಥವು ೧೫೪೩ರಲ್ಲಿ ಅಚ್ಚಾದುದು ಈ ಊರಿನಲ್ಲಿಯೇ. ಗಿರಣಿಯು ಈಗ ವಸ್ತುಸಂಗ್ರಹಾಲಯ. ನೀರಿನ ಚಕ್ರ ತಿರುಗುತ್ತದೆ, ಒನಕೆಗಳು ಚಿಂದಿಬಟ್ಟೆಯನ್ನು ಕುಟ್ಟಿ ತಿಳಿಗಂಜಿಯಂತೆ ಮಾಡುತ್ತವೆ. ಬಂದವರು ತಾವೇ ಜಾಲರಿಯ ಚೌಕಟ್ಟನ್ನು ಆ ಗಂಜಿಯಲ್ಲಿ ಅದ್ದಿ ಎತ್ತಿ ಕಾಗದವನ್ನು ಮಾಡಿಕೊಳ್ಳಬಹುದು, ಸೀಸದ ಅಚ್ಚಿನ ಮೊಳೆಗಳನ್ನು ಕಣ್ಣಾರೆ ನೋಡಬಹುದು. ಹುಡುಗನು ತಾನು ಮಾಡಿದ ಒಂದು ಹಾಳೆಯ ಮೇಲೆಯೇ ಪತ್ರದ ಕೊನೆಯ ಪುಟವನ್ನು ಬರೆದಿದ್ದಾನೆ. ಹಾಳೆ ದಪ್ಪಗಿದೆ, ಅಂಚು ಹರಕು, ಶಾಯಿ ಸ್ವಲ್ಪ ಹರಡಿದೆ. ನಮ್ಮ ಗ್ರಂಥಾಲಯದಲ್ಲಿ ಅದನ್ನು ಮಕ್ಕಳಿಗೆ ತೋರಿಸಲು ಇಟ್ಟಿದ್ದೇನೆ. ಅಚ್ಚಾದ ಪುಸ್ತಕವೆಂದರೆ ಏನೆಂಬುದು ನನ್ನ ಹತ್ತು ಉಪನ್ಯಾಸಗಳಿಗಿಂತ ಅದರಿಂದ ಅವರಿಗೆ ಚೆನ್ನಾಗಿ ತಿಳಿಯಿತು.

ಕಲಾಸಂಗ್ರಹಾಲಯವನ್ನು ಅವನು ಬೇಗ ನೋಡಿ ಮುಗಿಸಿದನು. ಚಿತ್ರಕಲೆಯಲ್ಲಿ ಅವನಿಗೆ ಅಷ್ಟು ಗತಿಯಿಲ್ಲ. ೧೬೬೧ರಲ್ಲಿಯೇ ನಗರವೂ ವಿಶ್ವವಿದ್ಯಾಲಯವೂ ಸೇರಿ ಕೊಂಡ ಸಂಗ್ರಹವೊಂದು ಅದರ ಮೂಲ. ಆದರೆ ಅಲ್ಲಿ ಅವನು ಕೇಳಿದ ಒಂದು ಕಥೆಯನ್ನು ನಮ್ಮ ವಾಚಕರು ಅವಶ್ಯವಾಗಿ ಕೇಳಬೇಕು. ೧೯೬೭ರಲ್ಲಿ ಆ ಸಂಗ್ರಹಾಲಯದಲ್ಲಿ ಎರವಲಾಗಿ ತೂಗುಹಾಕಿದ್ದ ಪಿಕಾಸೋವಿನ ಎರಡು ಚಿತ್ರಗಳನ್ನು ಒಡೆಯರು ಹಣದ ಮುಗ್ಗಟ್ಟಿನಿಂದ ಮಾರಬೇಕಾಯಿತು. ಬೆಲೆ ೮೪ ಲಕ್ಷ ಫ್ರಾಂಕ್. ಸರ್ಕಾರವು ೬೦ ಲಕ್ಷವನ್ನು ಕೊಡಲು ಮುಂದಾಯಿತು. ಉಳಿದ ೨೪ ಲಕ್ಷವನ್ನು ಊರವರು 'ಭಿಕ್ಷುಕರ ಹಬ್ಬ'ವೆಂದು ಒಂದು ಹಬ್ಬವನ್ನೇ ಮಾಡಿ, ಬೀದಿಬೀದಿಗಳಲ್ಲಿ ಬೇಡಿ ಕೂಡಿಸಿದರು. ಸರ್ಕಾರದ ಹಣವನ್ನು ಚಿತ್ರಗಳಿಗೆ ಸುರಿಯಬೇಕೆ ಎಂದು ಕೆಲವರು ಆಕ್ಷೇಪಿಸಿದ್ದರಿಂದ ಡಿಸೆಂಬರಿನಲ್ಲಿ ಜನಮತಗಣನೆಯಾಯಿತು. ಮತದಾರರ ಬಹುಮತವು ಕೊಳ್ಳಬೇಕೆಂದೇ ಹೇಳಿತು. ಇದನ್ನು ಕೇಳಿ ಸಂತೋಷಗೊಂಡ ಪಿಕಾಸೋ ತನ್ನ ನಾಲ್ಕು ಕೃತಿಗಳನ್ನು ಆ ಊರಿಗೆ ಉಚಿತವಾಗಿ ಕೊಟ್ಟನು. ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಹಿಡಿಹಿಡಿ ಜೋಳವನ್ನು ಬೇಡಿ ಶಾಲೆಗಳನ್ನೂ ಪ್ರಸಾದನಿಲಯಗಳನ್ನೂ ಕಟ್ಟಿದ ಸ್ವಾಮಿಗಳ ನೆರಳಿನಲ್ಲಿ ಬೆಳೆದ ಹುಡುಗನಿಗೆ ಈ ಕಥೆ ಎಷ್ಟು ಹತ್ತಿರದ್ದಾಗಿ ತೋರಿತೆಂಬುದು ಅವನ ಪತ್ರದಿಂದ ತಿಳಿಯುತ್ತದೆ. ಅಲ್ಲಿ ಚಿತ್ರಕ್ಕಾಗಿ ಬೇಡಿದರು, ಇಲ್ಲಿ ಅನ್ನ-ಅಕ್ಷರಗಳಿಗಾಗಿ ಬೇಡಿದರು, ಜೋಳಿಗೆ ಒಂದೇ.

ಹೊರಡುವ ಮೊದಲು ಅವನು ಮಿಶನ್ ಬೀದಿಯ ೨೧ನೆಯ ಸಂಖ್ಯೆಯ ಮನೆಯ ಮುಂದೆ ಹೋಗಿ ನಿಂತನು. ಮಿಶನ್ನಿನ ಕಾಗದಪತ್ರಗಳ ಭಂಡಾರವಿರುವುದು ಅಲ್ಲಿ. ನಮ್ಮ ಕರಾವಳಿಯ, ಧಾರವಾಡ-ಹುಬ್ಬಳ್ಳಿಗಳ, ಕೊಡಗಿನ ಹಳೆಯ ಛಾಯಾಚಿತ್ರಗಳೂ ವರದಿಗಳೂ ಅಲ್ಲಿವೆ. ಛಾಯಾಚಿತ್ರಗಳಲ್ಲಿ ಬಹುಪಾಲನ್ನು ಈಗ ಗಣಕಯಂತ್ರದ ಮೂಲಕ ಮನೆಯಲ್ಲಿ ಕುಳಿತೇ ನೋಡಬಹುದು. ೧೮೬೫ರಲ್ಲಿ ಮಂಗಳೂರಿನಲ್ಲಿ ಮೊದಲ ಹೆಂಚಿನ ಕಾರ್ಖಾನೆಯನ್ನು ತೆರೆದವರೂ ಇವರೇ ಎಂಬುದು ನೆನಪಾಗಿ ಹುಡುಗನು ತಲೆಯೆತ್ತಿ ಆ ಊರಿನ ಮನೆಗಳ ಮಾಡುಗಳನ್ನೆಲ್ಲ ನೋಡುತ್ತ ನಡೆದನಂತೆ. ಭಾನುವಾರವಾದ್ದರಿಂದ ಒಳಗೆ ಹೋಗಲು ಸಾಧ್ಯವಿರಲಿಲ್ಲ. ಅಂತಹ ಸ್ಥಳಗಳಿಗೆ ಮುಂಚಿತವಾಗಿ ಪತ್ರ ಬರೆದು, ಏನನ್ನು ನೋಡಬೇಕೆಂದು ತಿಳಿಸಿ, ಕೆಲಸದ ದಿನದಲ್ಲಿ ಹೋಗಬೇಕು. ವಾರಾಂತ್ಯದ ಯಾತ್ರೆಗೆ ಇರುವ ಮಿತಿ ಇದು.

ಸಂಜೆಯ ರೈಲು ಹಿಡಿದು ಅವನು ಟ್ಯೂಬಿಂಗೆನ್ ಸೇರಿದಾಗ ನಡುರಾತ್ರಿ ಸಮೀಪಿಸಿತ್ತು. ಸೋಮವಾರ ಎಂಟು ಗಂಟೆಗೆ ಪ್ರಯೋಗಶಾಲೆಯಲ್ಲಿದ್ದನು. ಲೆಕ್ಕವನ್ನೂ ಕಳುಹಿಸಿದ್ದಾನೆ: ಹಾಸ್ಟೆಲಿನ ಬಾಡಿಗೆ, ಎರಡು ಸಂಗ್ರಹಾಲಯಗಳ ಪ್ರವೇಶ, ದೋಣಿಯ ಕೂಲಿ, ಒಂದು ಹೊತ್ತಿನ ರೊಟ್ಟಿ-ಸೂಪು. ಎರಡು ತಿಂಗಳಿಗೊಮ್ಮೆ ಮಾತ್ರ ಇಂತಹ ಯಾತ್ರೆ ಎಂದು ಅವನೇ ಗೊತ್ತುಮಾಡಿಕೊಂಡಿದ್ದಾನೆ. ಪರೀಕ್ಷೆಯ ತಿಂಗಳಿನಲ್ಲಿ ಅದೂ ಇಲ್ಲ. ತಂದೆಯವರಿಗೆ ನಾನು ಪತ್ರವನ್ನೂ ಲೆಕ್ಕವನ್ನೂ ಓದಿ ಹೇಳಿದೆನು. ಜೋಳಿಗೆಯ ಕಥೆಯನ್ನು ಅವರು ಎರಡು ಸಲ ಓದಿಸಿದರು.

ರಜೆಯಲ್ಲಿ ಒಂದು ವಾರ ಆ ಭಂಡಾರದಲ್ಲಿ ಕುಳಿತು, ನಮ್ಮ ಭಾಗದಿಂದ ಹೋದ ಹಳೆಯ ವರದಿಗಳನ್ನು ಓದಬೇಕೆಂಬುದು ಹುಡುಗನ ಅಪೇಕ್ಷೆ. ಅವುಗಳಲ್ಲಿ ಬಹಳಷ್ಟು 'ಕುರೆಂಟ್' ಎಂಬ ಹಳೆಯ ಜರ್ಮನ್ ಕೈಬರಹದಲ್ಲಿವೆ. ಇಂದಿನ ಜರ್ಮನರಲ್ಲಿಯೂ ಹೆಚ್ಚಿನವರು ಅದನ್ನು ಓದಲಾರರು. ಬಿಡುವಿದ್ದ ರಾತ್ರಿಗಳಲ್ಲಿ ಅವನು ಈಗ ಆ ಅಕ್ಷರಗಳನ್ನು ತಿದ್ದುತ್ತಿದ್ದಾನೆ.